ಮನೆಯ ಮಿಲ್ಲಿಂಗ್ ಮಷೀನು: ಮೊದಲು ಯಾವ ಬೋಲ್ಟ್‌ಗೆ ಕೈ ಹಾಕಬೇಕು?

ನಿಮ್ಮ ಗ್ಯಾರೇಜಿನಲ್ಲೋ ಮಹಡಿ ಕೋಣೆಯಲ್ಲೋ ತಿರುಗುವ ಕಟರ್‌ನಿಂದ ಲೋಹ ಕತ್ತರಿಸಿ ಆಕಾರ ಕೊಡುವ ಒಂದು ಪುಟ್ಟ ಮಿಲ್ಲಿಂಗ್ ಮಷೀನು ಇದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಪ್ಲಗ್ ಕಿತ್ತಿಡಿ. ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಟೇಬಲ್ ಮೇಲೆ ಕೂರಿಸಿ. ಗೇಜಿನ ತುದಿ ಕಟರ್ ತಿರುಗಿಸುವ ಸ್ಪಿಂಡಲ್‌ಗೆ ಮುಂದಿನಿಂದ ತಾಗುವ ಹಾಗೆ ಇಟ್ಟು, ಮುಳ್ಳನ್ನು ಸೊನ್ನೆಗೆ ತನ್ನಿ. ಈಗ ಸ್ಪಿಂಡಲ್, ಮೋಟರ್ ಇರುವ ಮೇಲಿನ ಭಾಗವನ್ನು, ಅಂದರೆ ಹೆಡ್ಡನ್ನು, ಒಂದು ಕೈಯಿಂದ ಹಿಂದಕ್ಕೆ ಒತ್ತಿ. ಜೋರಾಗಿ ಬೇಡ, ಬಿಗಿಯಾದ ಬಾಗಿಲು ತಳ್ಳುವಷ್ಟು ಸಾಕು.

ಮುಳ್ಳು ಓಡುತ್ತದೆ. ಐದು ಗೆರೆ, ಕೆಲವು ಸಲ ಎಂಟು ಗೆರೆ. ಒಂದು ಗೆರೆ ಅಂದರೆ 0.01 ಎಂಎಂ. ಐವತ್ತು ಕಿಲೋ ಮೀರಿದ ಎರಕದ ಕಬ್ಬಿಣ ಕೈಯಲ್ಲಿ ಒತ್ತಿದರೆ ಬಾಗುತ್ತದೆ ಅಂದರೆ ಮೊದಲ ಸಲ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಸ್ಟ್ಯಾಂಡೇ ಸಡಿಲ ಇರಬೇಕು ಅಂತ ಮೂರು ಸಲ ಜಾಗ ಬದಲಿಸಿ ನೋಡಿದ್ದೆ.

ಕಟರ್ ಕೂಡ ಹೀಗೇ ಒತ್ತುತ್ತದೆ. ಅದೂ ಒಂದೇ ಸಮ ಅಲ್ಲ, ಗುದ್ದಿ ಗುದ್ದಿ. ನಾಲ್ಕು ಹಲ್ಲಿನ ಕಟರ್ 900 ಆರ್‌ಪಿಎಂನಲ್ಲಿ ತಿರುಗಿದರೆ ನಿಮಿಷಕ್ಕೆ 3,600 ಗುದ್ದು. ಆ ಗುದ್ದಿಗೆ ಮಷೀನು ಹಿಂದೆ ಮುಂದೆ ಆಡಿದಾಗ ಬರುವುದೇ ಕಿರುಚುವ ಸದ್ದು ಮತ್ತು ಜಾಬ್ (ಕತ್ತರಿಸುವ ಲೋಹದ ತುಂಡು) ಮೇಲಿನ ಅಲೆ ಅಲೆ ಗುರುತು. ಚಾಟರ್ ಅನ್ನುವುದು ಇದಕ್ಕೇ.

ಮನೆಯ ಮಿಲ್‌ಗೆ ಏನೇನು ಸೇರಿಸಬಹುದು ಅಂತ ಹುಡುಕಲು ಕೂತರೆ ಪಟ್ಟಿಗೆ ಕೊನೆಯೇ ಇಲ್ಲ. ಬೆಲ್ಟ್ ಡ್ರೈವ್, ಡಿಜಿಟಲ್ ರೀಡೌಟ್, ಟೇಬಲ್ಲನ್ನು ಮೋಟರಿನಿಂದ ಓಡಿಸುವ ಪವರ್ ಫೀಡ್, ರೋಟರಿ ಟೇಬಲ್, ಕಂಪ್ಯೂಟರಿನಿಂದ ಮಷೀನು ಓಡಿಸುವ ಸಿಎನ್‌ಸಿ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ತೀರ್ಮಾನಿಸಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಹಾಕಿದರೆ ಆ ಮುಳ್ಳು ಕಮ್ಮಿ ಅಲುಗುತ್ತದೋ, ಜಾಸ್ತಿ ಅಲುಗುತ್ತದೋ?

ಕಟರ್‌ನಿಂದ ಜಾಬ್‌ವರೆಗೆ

ಕಟರ್ ಮೇಲೆ ಬೆರಳಿಟ್ಟು ದಾರಿ ಹಿಡಿದು ಹೋಗಿ. ಕಟರ್, ಅದನ್ನು ಬಿಗಿ ಹಿಡಿಯುವ ಕೊಲೆಟ್, ಸ್ಪಿಂಡಲ್, ಬೇರಿಂಗ್, ಹೆಡ್, ಅದನ್ನು ಹೊತ್ತ ಕಂಬ ಅಂದರೆ ಕಾಲಮ್, ಬೇಸ್, ಟೇಬಲ್ ಹೊತ್ತು ಜಾರುವ ಸ್ಯಾಡಲ್, ಟೇಬಲ್, ಜಾಬ್ ಹಿಡಿಯುವ ವೈಸ್, ಕೊನೆಗೆ ಜಾಬ್. ಇಡೀ ದಾರಿ ಒಂದು ದೊಡ್ಡ ಕೊಕ್ಕೆಯ ಆಕಾರದಲ್ಲಿದೆ. ಕೊಕ್ಕೆಯ ಒಂದು ತುದಿ ಕಟರ್, ಇನ್ನೊಂದು ತುದಿ ಜಾಬ್. ಕಟಿಂಗ್ ಅಂದರೆ ಈ ಎರಡು ತುದಿಗಳನ್ನು ದೂರ ತಳ್ಳುವ ಜಗಳ. ದಾರಿಯ ಪ್ರತಿ ಕೀಲೂ ಒಂದು ಸಣ್ಣ ಸ್ಪ್ರಿಂಗ್ ಇದ್ದ ಹಾಗೆ. ಎಲ್ಲ ಕೀಲುಗಳ ಬಾಗುವಿಕೆ ಕೂಡಿ ಮುಳ್ಳಿನಲ್ಲಿ ಕಾಣುತ್ತದೆ. ಒಂದು ಕೀಲು ತೀರಾ ಸಡಿಲವಿದ್ದರೆ ಉಳಿದ ಒಂಬತ್ತು ಗಟ್ಟಿಯಿದ್ದೂ ಏನು ಬಂತು?

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಒಂದು ಕಡೆ ಹಿಡಿದ ಕಂಬಿ ಎಷ್ಟು ಬಾಗುತ್ತದೆ ಅನ್ನುವುದು ಅದರ ಉದ್ದದ ಘನದ ಮೇಲೆ ನಿಂತಿದೆ. ಎಂಡ್ ಮಿಲ್ (ತುದಿಯಲ್ಲೂ ಪಕ್ಕದಲ್ಲೂ ಹಲ್ಲಿರುವ ಕಟರ್) ಕೊಲೆಟ್‌ನಿಂದ 20 ಎಂಎಂ ಬದಲು 40 ಎಂಎಂ ಹೊರಗೆ ಬಂದಿದ್ದರೆ ಎರಡು ಪಟ್ಟಲ್ಲ, ಎಂಟು ಪಟ್ಟು ಬಾಗುತ್ತದೆ. ದಪ್ಪದ ಲೆಕ್ಕ ಇನ್ನೂ ಜೋರು. ಅದೇ ಉದ್ದಕ್ಕೆ 12 ಎಂಎಂ ಕಟರ್ ಬದಲು 6 ಎಂಎಂ ಹಾಕಿದರೆ ಹದಿನಾರು ಪಟ್ಟು. ಹಾಗಾಗಿ ಜಗತ್ತಿನ ಅತಿ ಅಗ್ಗದ ಮಾಡಿಫಿಕೇಶನ್ ಅಂದರೆ ಕಟರನ್ನು ಇನ್ನಷ್ಟು ಒಳಗೆ ತಳ್ಳಿ ಬಿಗಿಯುವುದು. ಕಾಸು ಖರ್ಚಿಲ್ಲ.

ಉದಾಹರಣೆಗೆ ತುಂಬಾ ಜನರ ಮನೆಯಲ್ಲಿರುವ ಮಾದರಿಯನ್ನೇ ತೆಗೆದುಕೊಳ್ಳೋಣ. ಶಾಂಘೈನ ಸೀಗ್ ಕಂಪನಿಯ ಎಕ್ಸ್2. ಒಂದೊಂದು ದೇಶದಲ್ಲಿ ಒಂದೊಂದು ಬಣ್ಣ, ಒಂದೊಂದು ಹೆಸರಿನಲ್ಲಿ ಸಿಗುತ್ತದೆ. ಟೇಬಲ್ ಸುಮಾರು 400 ಎಂಎಂ ಉದ್ದ, 90 ಎಂಎಂ ಅಗಲ. ಅಡ್ಡಕ್ಕೆ ಸುಮಾರು 220 ಎಂಎಂ, ಹಿಂದೆ ಮುಂದೆ 100 ಎಂಎಂ ಓಡುತ್ತದೆ. 350 ವಾಟ್ ಮೋಟರ್. ಎರಡು ಗೇರು, ಒಂದರಲ್ಲಿ 1,100 ಆರ್‌ಪಿಎಂವರೆಗೆ, ಇನ್ನೊಂದರಲ್ಲಿ 2,500ವರೆಗೆ. ಡ್ರಿಲ್ಲಿಂಗ್ ಮಷೀನಿನ ಹಾಗೆ ಬರೀ ಸ್ಪಿಂಡಲ್ ಇಳಿಯುವುದಿಲ್ಲ, ಮೋಟರ್ ಸಮೇತ ಇಡೀ ಹೆಡ್ಡೇ ಕಾಲಮ್ ಮೇಲೆ ಹತ್ತಿ ಇಳಿಯುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ ಎಚ್‌ಎಂಟಿ ಮಷೀನು ನೋಡಿ ಬೆಳೆದವರಿಗೆ ಇದು ಆಟಿಕೆ. ಆದರೆ ಆ ದೊಡ್ಡ ಮಷೀನು ಮನೆ ಬಾಗಿಲಲ್ಲಿ ಹಿಡಿಸುವುದಿಲ್ಲ, ಸಿಂಗಲ್ ಫೇಸಿನಲ್ಲಿ ಓಡುವುದಿಲ್ಲ. ಆಟಿಕೆಯನ್ನೇ ಪಳಗಿಸಬೇಕು.

ಎಲ್ಲಕ್ಕಿಂತ ಮೊದಲು ಸ್ವಿಚ್ಚು

ಮುಳ್ಳಿನ ಮಾತು ಬಿಟ್ಟು ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಕರೆಂಟ್ ಹೋಗುತ್ತದೆ, ಬರುತ್ತದೆ. ಕಟಿಂಗ್ ನಡೆಯುವಾಗ ಹೋಯಿತು ಅನ್ನಿ. ನೀವು ಜಾಬ್ ಮೇಲಿನ ಚೂರು ಒರೆಸಲು ಬ್ರಶ್ ತಗೊಂಡು ಬಗ್ಗುತ್ತೀರಿ. ಅಷ್ಟರಲ್ಲಿ ಕರೆಂಟ್ ಬಂತು. ಮಾಮೂಲಿ ಸ್ವಿಚ್ಚಾದರೆ ಸ್ಪಿಂಡಲ್ ತಾನಾಗಿ ತಿರುಗಲು ಶುರುವಾಗುತ್ತದೆ, ನಿಮ್ಮ ಬೆರಳು ಅಲ್ಲೇ ಇರುತ್ತದೆ.

ಇದಕ್ಕೆ ನೋ ವೋಲ್ಟ್ ರಿಲೀಸ್ ಸ್ವಿಚ್ ಬೇಕು. ಅದರೊಳಗೆ ಒಂದು ಕಾಯಿಲ್ ಇದ್ದು, ಹಸಿರು ಬಟನ್ ಒತ್ತಿದ ಮೇಲೆ ಕರೆಂಟ್ ಇರುವತನಕ ಮಾತ್ರ ಕಾಂಟ್ಯಾಕ್ಟನ್ನು ಹಿಡಿದುಕೊಂಡಿರುತ್ತದೆ. ಕರೆಂಟ್ ಹೋದರೆ ಹಿಡಿತ ಬಿಡುತ್ತದೆ. ವಾಪಸ್ ಬಂದರೂ ಮತ್ತೆ ಬಟನ್ ಒತ್ತುವವರೆಗೆ ಏನೂ ಆಗುವುದಿಲ್ಲ. ನಿಮ್ಮ ಮಷೀನಿನಲ್ಲಿ ಇದು ಇದೆಯೋ ಇಲ್ಲವೋ ನೋಡಬೇಕಾದರೆ ಸ್ಪಿಂಡಲ್‌ನಲ್ಲಿ ಕಟರ್ ಇಲ್ಲದೆ ಮಷೀನು ಓಡಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ, ಸ್ಪಿಂಡಲ್ ನಿಂತ ಮೇಲೆ ಮತ್ತೆ ಆನ್ ಮಾಡಿ. ತಾನಾಗಿ ತಿರುಗಿದರೆ ಮುಂದಿನದೆಲ್ಲ ಓದುವ ಮೊದಲು ಆ ಸ್ವಿಚ್ ತನ್ನಿ. ಜೊತೆಗೆ ಕೆಂಪು ಅಣಬೆ ತಲೆಯ ಎಮರ್ಜೆನ್ಸಿ ಸ್ಟಾಪ್ ಒಂದನ್ನು ಎಡಗೈಗೆ ಸಿಗುವ ಹಾಗೆ ಹಾಕಿ. ಅರ್ಥಿಂಗ್ ಸರಿಯಿದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ.

ಹಿಡಿತ ಸರಿಯಿಲ್ಲದಿದ್ದರೆ

ಹೊಸಬರು ಮಾಡುವ ಮೊದಲ ತಪ್ಪು, ಎಂಡ್ ಮಿಲ್ಲನ್ನು ಡ್ರಿಲ್ ಚಕ್ಕಿನಲ್ಲಿ ಹಿಡಿಯುವುದು. ನಾನೂ ಮಾಡಿದ್ದೇನೆ. ಗ್ರೂವ್ ಶುರುವಿನಲ್ಲಿ 2 ಎಂಎಂ ಆಳ ಇತ್ತು, ಕೊನೆಯಲ್ಲಿ 3 ಎಂಎಂ ಆಗಿತ್ತು. ಎಂಡ್ ಮಿಲ್ಲಿನ ಸುರುಳಿ ಹಲ್ಲುಗಳು ಕಟರನ್ನೇ ಕೆಳಕ್ಕೆ ಎಳೆಯುತ್ತವೆ. ಡ್ರಿಲ್ ಚಕ್ಕಿನ ಮೂರು ದವಡೆಗಳು ಮೇಲಿನಿಂದ ಕೆಳಗೆ ಒತ್ತುವ ಕೆಲಸಕ್ಕೆ ಸರಿ. ಅಡ್ಡಕ್ಕೆ ಬೀಳುವ ಗುದ್ದಿಗೆ ಅವು ತಡೆಯುವುದಿಲ್ಲ. ಚಕ್ಕನ್ನು ಅದರ ಆರ್ಬರ್‌ಗೆ, ಅಂದರೆ ಅದು ಕೂರುವ ದಂಡಕ್ಕೆ, ಹಿಡಿದಿರುವುದೂ ಬರೀ ಟೇಪರ್, ತುದಿಗೆ ಹೋದಂತೆ ಸಪೂರವಾಗುವ ಓರೆ ಆಕಾರ. ಅಡ್ಡ ಗುದ್ದಿಗೆ ಅದು ಕಳಚಿ, ತಿರುಗುತ್ತಿರುವ ಚಕ್ಕೇ ಕೆಳಗೆ ಬೀಳಬಹುದು.

ಕೊಲೆಟ್ ಬೇಕೇ ಬೇಕು. ಯಾವ ಕೊಲೆಟ್ ಅನ್ನುವುದು ಸ್ಪಿಂಡಲ್ ಒಳಗಿನ ಟೇಪರ್ ಮೇಲೆ ನಿಂತಿದೆ. ಎಕ್ಸ್2 ಎರಡು ಬಗೆಯಲ್ಲಿ ಬರುತ್ತದೆ. ಒಂದು ಆರ್8. ಅಮೆರಿಕದ ಬ್ರಿಡ್ಜ್‌ಪೋರ್ಟ್ ಕಂಪನಿ ತನ್ನ ಮಿಲ್ಲಿಂಗ್ ಮಷೀನಿಗೆಂದು ಮಾಡಿಕೊಂಡ ಟೇಪರ್ ಇದು. 1938ರಲ್ಲಿ ಶುರುವಾದ ಆ ಮಷೀನು ಎಷ್ಟು ಹರಡಿತೆಂದರೆ, ಅದರ ಟೇಪರ್ ಇವತ್ತು ಬೇರೆ ಕಂಪನಿಗಳ ಮಷೀನಿನಲ್ಲೂ ಸಿಗುತ್ತದೆ. ಇನ್ನೊಂದು ಎಂಟಿ3, ಅಂದರೆ ಮೋರ್ಸ್ ಟೇಪರ್ 3.

ವ್ಯತ್ಯಾಸ ಇಳಿಜಾರಿನದು. ಮೋರ್ಸ್ ಟೇಪರ್ ಬಹಳ ಸಪೂರ, ಇಪ್ಪತ್ತು ಎಂಎಂ ಉದ್ದಕ್ಕೆ ಸುಮಾರು ಒಂದು ಎಂಎಂ ವ್ಯಾಸ ಇಳಿಯುತ್ತದೆ. ಅದಕ್ಕೇ ಅದು ಕಚ್ಚಿಕೊಂಡುಬಿಡುತ್ತದೆ. ಬಿಡಿಸಲು ಡ್ರಾಬಾರ್, ಅಂದರೆ ಸ್ಪಿಂಡಲ್ ಒಳಗಿಂದ ಕೊಲೆಟನ್ನು ಮೇಲಕ್ಕೆ ಎಳೆದು ಹಿಡಿಯುವ ಉದ್ದ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಬಲವಾಗಿ ಹೊಡೆಯಬೇಕು, ಪ್ರತಿ ಏಟೂ ಸ್ಪಿಂಡಲ್ ಬೇರಿಂಗ್‌ಗೇ ಬೀಳುತ್ತದೆ. ಆರ್8 ಅಗಲ ಕೋನದ್ದು, ಡ್ರಾಬಾರ್ ಒಂದು ಸುತ್ತು ಸಡಿಲಿಸಿ ಹಿತ್ತಾಳೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಡುತ್ತದೆ. ಈಗಾಗಲೇ ಎಂಟಿ3 ಇದ್ದರೆ ಚಿಂತೆ ಬೇಡ. ಡ್ರಾಬಾರ್ ತಲೆಯ ಮೇಲೆ ತೂತಿರುವ ಒಂದು ಕ್ಯಾಪ್ ಮಾಡಿ ಸ್ಪಿಂಡಲ್‌ಗೆ ಭದ್ರ ಮಾಡಿ. ಡ್ರಾಬಾರ್ ಬಿಚ್ಚುತ್ತಾ ಹೋದಾಗ ಅದರ ತಲೆ ಕ್ಯಾಪಿಗೆ ತಾಗುತ್ತದೆ. ಮೇಲೆ ಹೋಗಲು ಜಾಗವಿಲ್ಲದೆ ಕೊಲೆಟನ್ನು ಕೆಳಕ್ಕೆ ತಳ್ಳುತ್ತದೆ. ಸುತ್ತಿಗೆ ಬೇಕಾಗುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಬದಲಾವಣೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಇನ್ನು ಇಆರ್ ಕೊಲೆಟ್ ಚಕ್. ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪನಿ ತಂದದ್ದು. ಒಂದು ಸೆಟ್ ಕೊಂಡರೆ ಎಲ್ಲ ಅಳತೆಯ ಕಟರ್ ಹಿಡಿಯಬಹುದು, ಕಟರ್ ಬದಲಿಸುವುದು ಸಲೀಸು. ಆದರೆ ನಮ್ಮ ಕೊಕ್ಕೆಯ ಲೆಕ್ಕ ನೆನಪಿಸಿಕೊಳ್ಳಿ. ಇಆರ್32 ಚಕ್ ಹಾಕಿದ ಕೂಡಲೇ ಕಟರ್ ಸ್ಪಿಂಡಲ್‌ನಿಂದ ಐದಾರು ಸೆಂಟಿಮೀಟರ್ ಕೆಳಗೆ ಹೋಯಿತು. ಒಂದು ಕೀಲು ಹೆಚ್ಚಿತು, ಜಾಬ್‌ಗೆ ಸಿಗುವ ಎತ್ತರವೂ ಕಮ್ಮಿಯಾಯಿತು. ಪುಟ್ಟ ಮಷೀನಿಗೆ ನೇರವಾಗಿ ಸ್ಪಿಂಡಲ್ ಒಳಗೇ ಕೂರುವ ಕೊಲೆಟ್ ಮೇಲು. 6, 10, 12 ಎಂಎಂ ಮೂರು ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಇಆರ್ ತಂದಿದ್ದರೆ ಕೊಲೆಟನ್ನು ಮೊದಲು ನಟ್ ಒಳಗೆ ಟಕ್ ಅಂತ ಕೂರಿಸಿ, ಆಮೇಲೆ ಚಕ್ಕಿಗೆ ಹಾಕಿ. ಹಾಗೆ ಮಾಡದಿದ್ದರೆ ಬಿಚ್ಚುವಾಗ ಕೊಲೆಟ್ ಒಳಗೇ ಉಳಿಯುತ್ತದೆ, ಕಟರೂ ನೇರ ತಿರುಗುವುದಿಲ್ಲ.

ವೈಸ್ ವಿಷಯದಲ್ಲೂ ಇದೇ ಮಾತು. 75 ಅಥವಾ 80 ಎಂಎಂ ದವಡೆಯ, ತಗ್ಗಾದ ವೈಸ್ ಸಾಕು. ದೊಡ್ಡದು ತಂದರೆ ಟೇಬಲ್ ಆಚೆ ಈಚೆ ನೇತಾಡುತ್ತದೆ. ತಿರುಗುವ ಬುಡ ಇದ್ದರೆ ಅದನ್ನು ಬಿಚ್ಚಿ ಕಪಾಟಿನಲ್ಲಿಡಿ, ಅದೂ ಒಂದು ಬೇಡದ ಕೀಲು. ಬಿಗಿದ ಮೇಲೆ ಜಾಬ್ ಕೆಳಗಿನ ಪ್ಯಾರಲಲ್ ಪಟ್ಟಿಯನ್ನು ಬೆರಳಿನಿಂದ ಎಳೆದು ನೋಡಿ. ಜಾರಿದರೆ ಜಾಬ್ ಎದ್ದಿದೆ ಅಂತ ಅರ್ಥ. ನೈಲಾನ್ ಸುತ್ತಿಗೆಯಿಂದ ತಟ್ಟಿ ಕೂರಿಸಿ. ಕ್ಲ್ಯಾಂಪ್ ಸೆಟ್ ಕೊಳ್ಳುವ ಮೊದಲು ಟೇಬಲ್ಲಿನ ಟಿ-ಸ್ಲಾಟ್ ಅಗಲ ಅಳೆಯಿರಿ. ನಟ್ ಅದಕ್ಕಿಂತ ಅರ್ಧ ಎಂಎಂ ಹೆಚ್ಚು ಅಗಲ ಇದ್ದರೂ ಒಳಗೆ ಹೋಗುವುದಿಲ್ಲ.

ಹೆಡ್ ನೇರ ನಿಂತಿದೆಯೇ?

ಸ್ಪಿಂಡಲ್ ಟೇಬಲ್‌ಗೆ ಸರಿಯಾಗಿ ಲಂಬವಾಗಿರಬೇಕು. ಇದನ್ನು ನೋಡುವುದಕ್ಕೆ ಟ್ರ್ಯಾಮಿಂಗ್ ಅನ್ನುತ್ತಾರೆ. ಕೊಲೆಟ್‌ನಲ್ಲಿ ಒಂದು ಬಾಗಿದ ಕಂಬಿ ಹಿಡಿದು, ಅದರ ತುದಿಗೆ ಡಯಲ್ ಗೇಜ್ ಕಟ್ಟಿ, ಸ್ಪಿಂಡಲನ್ನು ಕೈಯಿಂದ ತಿರುಗಿಸಿ. ಗೇಜ್ ಟೇಬಲ್ ಮೇಲೆ ಒಂದು ವೃತ್ತ ಬರೆಯುತ್ತದೆ. ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ ಒಂದೇ ಸಂಖ್ಯೆ ಬರಬೇಕು.

ಸ್ವಲ್ಪ ವಾಲಿದರೆ ಏನಂತೆ ಅಂತ ಕೇಳಬಹುದು. 100 ಎಂಎಂಗೆ 0.1 ಎಂಎಂ ವಾಲಿದೆ ಅನ್ನಿ. 50 ಎಂಎಂ ಅಗಲದ, ಒಂದೇ ಹಲ್ಲಿನ ಫ್ಲೈ ಕಟರ್ ಹಾಕಿ, ವಾಲಿದ ದಿಕ್ಕಿನಲ್ಲೇ ಜಾಬ್ ಓಡಿಸಿದರೆ ಮೇಲ್ಮೈ ಚಪ್ಪಟೆ ಬರುವುದಿಲ್ಲ. ನಡುವೆ 0.025 ಎಂಎಂ ತಗ್ಗು ಬೀಳುತ್ತದೆ, ತಟ್ಟೆಯ ಹಾಗೆ. ಮೋಟರ್ ಬದಲಿಸಿದರೂ, ದುಬಾರಿ ಕಟರ್ ತಂದರೂ ಈ ತಗ್ಗು ಹೋಗುವುದಿಲ್ಲ.

ಎಡ-ಬಲದ ವಾಲನ್ನು ಕಾಲಮ್ ಬುಡದ ನಟ್ ಸಡಿಲಿಸಿ ಸರಿ ಮಾಡಬಹುದು. ಹಿಂದೆ-ಮುಂದೆ ವಾಲಿದ್ದರೆ ಕಾಲಮ್ ಕೂರುವ ಜಾಗದಲ್ಲಿ ಶಿಮ್, ಅಂದರೆ ತೆಳು ತಗಡು, ಕೊಡಬೇಕು. ಡಯಲ್ 120 ಎಂಎಂ ಅಂತರಕ್ಕೆ 0.06 ವ್ಯತ್ಯಾಸ ತೋರಿಸಿ, ಕಾಲಮ್ ಕೂರುವ ಜಾಗದ ಉದ್ದ 100 ಎಂಎಂ ಇದ್ದರೆ ಅದೇ ಪ್ರಮಾಣದಲ್ಲಿ 0.05 ಎಂಎಂ ಶಿಮ್. ಹಳೆಯ ಫೀಲರ್ ಗೇಜಿನ ಎಲೆ ಕತ್ತರಿಸಿ ಹಾಕಿದರೆ ಒಳ್ಳೆಯದು. ಕೂಲ್ ಡ್ರಿಂಕ್ ಕ್ಯಾನಿನ ತಗಡು ಸುಮಾರು 0.1 ಎಂಎಂ ಇರುತ್ತದೆ, ತುರ್ತಿಗೆ ಅದೂ ಆಗುತ್ತದೆ. ಬೋಲ್ಟ್ ಬಿಗಿದ ಮೇಲೆ ಮತ್ತೆ ಅಳೆಯಿರಿ, ಯಾಕೆಂದರೆ ಬಿಗಿಯುವಾಗ ಸಂಖ್ಯೆ ಬದಲಾಗಿಯೇ ಆಗುತ್ತದೆ. ಒಂದು ಭಾನುವಾರ ಇದಕ್ಕೇ ಹೋಗುತ್ತದೆ, ಅಲ್ವಾ ಅಂದರೆ ಹೌದು.

ಗಿಬ್ ಮತ್ತು ಪ್ಲೇ

ಟೇಬಲ್ ಜಾರುವ ಓರೆ ಅಂಚಿನ ದಾರಿ, ಅಂದರೆ ಡವ್‌ಟೇಲ್ ಒಳಗೆ ಒಂದು ಪಟ್ಟಿ ಇರುತ್ತದೆ, ಅದೇ ಗಿಬ್. ಪಕ್ಕದ ಸಣ್ಣ ಸ್ಕ್ರೂಗಳು ಅದನ್ನು ಒತ್ತಿ ಹಿಡಿಯುತ್ತವೆ. ಹೊಸ ಮಷೀನಿನಲ್ಲಿ ಇದು ಸಾಮಾನ್ಯವಾಗಿ ಒರಟಾಗಿರುತ್ತದೆ. ಬಿಚ್ಚಿ ತೆಗೆದು, ನುಣುಪಾದ ಎಣ್ಣೆ ಕಲ್ಲಿನ ಮೇಲೆ ತಿಕ್ಕಿ ಉಬ್ಬು ತೆಗೆಯಿರಿ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ಸ್ಲೈಡನ್ನೇ ಉಜ್ಜುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಪೇಸ್ಟಿನ ಹರಳು ಎರಕದ ಕಬ್ಬಿಣದಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ಸವೆಸುತ್ತಲೇ ಇರುತ್ತದೆ. ವಾಪಸ್ ಹಾಕಿ, ಒಂದೊಂದೇ ಸ್ಕ್ರೂ ಬಿಗಿಯುತ್ತಾ, ಹ್ಯಾಂಡಲ್ ಸ್ವಲ್ಪ ಭಾರ ಅನ್ನಿಸುವಲ್ಲಿ ನಿಲ್ಲಿಸಿ ಲಾಕ್ ನಟ್ ಬಿಗಿಯಿರಿ. ಓಡಿಸದ ಸ್ಲೈಡನ್ನು ಯಾವಾಗಲೂ ಲಾಕ್ ಮಾಡಿ ಕೆಲಸ ಮಾಡಿ. ಲಾಕ್ ಇಲ್ಲದಿದ್ದರೆ ನಡುವಿನ ಗಿಬ್ ಸ್ಕ್ರೂ ಜಾಗಕ್ಕೆ ಸಣ್ಣ ಹಿಡಿ ಇರುವ ಸ್ಕ್ರೂ ಹಾಕಿದರಾಯಿತು.

ಪ್ಲೇ ಬೇರೆ. ಹ್ಯಾಂಡಲ್ ದಿಕ್ಕು ಬದಲಿಸಿದಾಗ ಟೇಬಲ್ ಅಲುಗದೆ ಡಯಲ್ ಮಾತ್ರ ತಿರುಗುತ್ತದಲ್ಲ, ಅದು ಸ್ಕ್ರೂ ಮತ್ತು ನಟ್ ನಡುವಿನ ಜಾಗ. ಇದು ಬರೀ ಅಳತೆಯ ತೊಂದರೆ ಅಂದುಕೊಂಡರೆ ತಪ್ಪು. ಕಟರ್ ಹಲ್ಲು ಜಾಬನ್ನು ಫೀಡ್‌ಗೆ, ಅಂದರೆ ಟೇಬಲ್ ಓಡುವ ದಿಕ್ಕಿಗೆ, ಎದುರಾಗಿ ತಳ್ಳುತ್ತಿದ್ದರೆ ಸ್ಕ್ರೂ ಒಂದೇ ಕಡೆ ಒತ್ತಿಕೊಂಡಿರುತ್ತದೆ, ಪ್ಲೇ ಇದ್ದರೂ ನಡೆಯುತ್ತದೆ. ಹಲ್ಲು ಜಾಬನ್ನು ಫೀಡ್ ಕಡೆಗೇ ಎಳೆದರೆ ಕಥೆ ಬೇರೆ. ಇದಕ್ಕೆ ಕ್ಲೈಂಬ್ ಮಿಲ್ಲಿಂಗ್ ಅನ್ನುತ್ತಾರೆ. 0.2 ಎಂಎಂ ಪ್ಲೇ ಇದ್ದರೆ ಟೇಬಲ್ ಅಷ್ಟೂ ದೂರ ಗಕ್ಕನೆ ಜಿಗಿಯುತ್ತದೆ. 0.025 ಕಚ್ಚಬೇಕಿದ್ದ ಹಲ್ಲು ಎಂಟು ಪಟ್ಟು ಕಚ್ಚುತ್ತದೆ. ಹಲ್ಲು ಮುರಿಯುತ್ತದೆ, ಇಲ್ಲವೇ ಜಾಬ್ ವೈಸಿನಿಂದ ಹಾರುತ್ತದೆ. ನಟ್ಟನ್ನು ಸೀಳಿ, ಸ್ಕ್ರೂನಿಂದ ಬಿಗಿಯುವ ಹಾಗೆ ಮಾಡಿಕೊಂಡರೆ ಪ್ಲೇ ಸಾಕಷ್ಟು ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ.

ಕಾಲಮ್, ಹೆಡ್, ಮೋಟರ್

ಎಕ್ಸ್2ನ ಹಳೆಯ ಮಾದರಿಯಲ್ಲಿ ಕಾಲಮ್ ಎಡಕ್ಕೆ ಬಲಕ್ಕೆ ವಾಲುತ್ತದೆ. ಅದಕ್ಕಾಗಿ ಬುಡದಲ್ಲಿ ಒಂದೇ ಒಂದು ದೊಡ್ಡ ನಟ್. ಇಡೀ ಕೊಕ್ಕೆಯ ಅತಿ ದುರ್ಬಲ ಕೀಲು ಇದು. ಶುರುವಿನ ಪರೀಕ್ಷೆಯಲ್ಲಿ ಓಡಿದ ಮುಳ್ಳಿನ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಮುಂದೆ ಬಂದ ಕೆಲವು ಮಾದರಿಗಳು ವಾಲುವ ಸೌಕರ್ಯವನ್ನೇ ಬಿಟ್ಟು ಗಟ್ಟಿ ಕಾಲಮ್ ತಂದವು. ಹಳೆಯದಕ್ಕೆ ಮಾಡಬಹುದಾದದ್ದು, ಕಾಲಮ್ ಹಿಂದೆ ದಪ್ಪ ಉಕ್ಕಿನ ಪ್ಲೇಟ್ ಕಟ್ಟಿ ಬೇಸ್‌ಗೆ ಬೋಲ್ಟ್ ಮಾಡುವುದು. ಆಮೇಲೆ ಕಾಲಮ್ ವಾಲುವುದಿಲ್ಲ. ಬೇಸರ ಬೇಡ. ಕೋನ ಬೇಕಾದಾಗ ಜಾಬನ್ನೇ ವೈಸಿನಲ್ಲಿ ಓರೆ ಹಿಡಿಯಬಹುದು.

ಟೊಳ್ಳು ಕಾಲಮ್ ಒಳಗೆ ಎಪಾಕ್ಸಿ ಮತ್ತು ಗ್ರಾನೈಟ್ ಪುಡಿ ತುಂಬುವವರೂ ಇದ್ದಾರೆ. ಕಾರ್ಖಾನೆಗಳಲ್ಲೂ ಇಂಥ ಮಿಶ್ರಣದಲ್ಲಿ ಮಷೀನ್ ಬೆಡ್ ಎರಕ ಹೊಯ್ಯುತ್ತಾರೆ. ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಎಪಾಕ್ಸಿ, ಉಳಿದದ್ದು ಕಲ್ಲು. ಬೆಂಗಳೂರಿನವರಿಗೆ ಕಲ್ಲು ಹುಡುಕುವ ಕಷ್ಟವಿಲ್ಲ, ಜಿಗಣಿ ಕಡೆ ಗ್ರಾನೈಟ್ ಕಾರ್ಖಾನೆಗಳೇ ಇವೆ. ಆದರೆ ಇದರ ಲಾಭ ಏನು ಅಂತ ತಿಳಿದು ಮಾಡಿ. ಕಾಲಮ್ ಬಾಗುವುದು ಇದರಿಂದ ಅಷ್ಟೇನೂ ಇಳಿಯುವುದಿಲ್ಲ, ಆದರೆ ಕಂಪನ ಬೇಗ ಸಾಯುತ್ತದೆ. ಗಂಟೆಯನ್ನು ಕೈಯಲ್ಲಿ ಹಿಡಿದು ಹೊಡೆದ ಹಾಗೆ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಪದರ ಪದರವಾಗಿ ಹಾಕಿ. ಬಿಚ್ಚಬೇಕಾದ ಬೋಲ್ಟ್‌ಗಳಿಗೆ ಮೊದಲೇ ಗ್ರೀಸ್ ಬಳಿಯಿರಿ.

ಹೆಡ್ಡಿನ ಭಾರ ಹೊರಲು ಕಾಲಮ್ ಪಕ್ಕದಲ್ಲಿ ಸ್ಪ್ರಿಂಗ್ ತೋಳು ಕೊಟ್ಟಿರುತ್ತಾರೆ. ಅದರ ಎಳೆತ ಎಲ್ಲ ಎತ್ತರದಲ್ಲೂ ಒಂದೇ ಇರುವುದಿಲ್ಲ. ಅದರ ಜಾಗಕ್ಕೆ ಗ್ಯಾಸ್ ಸ್ಪ್ರಿಂಗ್ ಹಾಕುವುದು ಬಹಳ ಜನ ಮೆಚ್ಚಿದ ಬದಲಾವಣೆ. ಎಷ್ಟು ಬಲದ್ದು ಬೇಕು? ಹೆಡ್ ಕೆಳಗೆ ಮರದ ತುಂಡು ಕೊಟ್ಟು ತೋಳು ಬಿಚ್ಚಿ. ಪ್ರಯಾಣದ ಬ್ಯಾಗ್ ತೂಗುವ ಕೈತಕ್ಕಡಿಯಿಂದ ಹೆಡ್ಡನ್ನು ಎತ್ತಿ ತೂಗಿ. 12 ಕಿಲೋ ಬಂತು ಅನ್ನಿ, 9.8ರಿಂದ ಗುಣಿಸಿದರೆ 118 ನ್ಯೂಟನ್. ಅದಕ್ಕಿಂತ ತುಸು ಜಾಸ್ತಿ, 150 ನ್ಯೂಟನ್ ಸರಿ. ಮಾಡ್ಯುಲರ್ ಕಿಚನ್ ಶಟರ್‌ಗೆ ಹಾಕುವ ಗ್ಯಾಸ್ ಪಂಪ್‌ಗಳ ಮೇಲೆ ಈ ಸಂಖ್ಯೆ ಅಚ್ಚು ಹಾಕಿರುತ್ತದೆ. ಉದ್ದ ಸಾಲುತ್ತದೆಯೇ ಅಂತ ಮಾತ್ರ ಅಳೆದು ತನ್ನಿ. ಕಾರಿನ ಡಿಕ್ಕಿಯದ್ದು ಬೇಡ, ಅದು ನೂರಾರು ನ್ಯೂಟನ್ನಿನದು, ಹೆಡ್ಡನ್ನು ಕೆಳಗೆ ಇಳಿಸಲು ನೀವೇ ಜೋತು ಬೀಳಬೇಕಾಗುತ್ತದೆ. ಯಾವುದೇ ಗ್ಯಾಸ್ ಸ್ಪ್ರಿಂಗಿಗೆ ತೂತು ಹಾಕಬೇಡಿ, ಒಳಗೆ ಒತ್ತಡದ ನೈಟ್ರೋಜನ್ ಇರುತ್ತದೆ.

ಇನ್ನು ಗೇರು. ಹೆಡ್ ಒಳಗೆ ನೈಲಾನ್ ಗೇರುಗಳಿವೆ, ಕಟರ್ ಸಿಕ್ಕಿಹಾಕಿಕೊಂಡರೆ ಅವುಗಳ ಹಲ್ಲು ಹೋಗುತ್ತದೆ. ಎಲ್ಲರೂ ಬೈಯುತ್ತಾರೆ, ನಾನು ಬೈಯುವುದಿಲ್ಲ. ಅದು ಫ್ಯೂಸ್ ಇದ್ದ ಹಾಗೆ. ಉಕ್ಕಿನ ಗೇರು ಹಾಕಿದರೆ ಆ ಏಟು ಮುಂದಿನ ದುರ್ಬಲ ಜಾಗಕ್ಕೆ ಹೋಗುತ್ತದೆ, ಸದ್ದೂ ಕಿವಿ ಕೊರೆಯುತ್ತದೆ. ಬೆಲ್ಟ್ ಡ್ರೈವ್ ಒಳ್ಳೆಯ ನಡುದಾರಿ. ಸದ್ದು ತುಂಬಾ ಇಳಿಯುತ್ತದೆ, ಕಟರ್ ಸಿಕ್ಕಿಕೊಂಡರೆ ಬೆಲ್ಟ್ ಜಾರಿ ಉಳಿಸುತ್ತದೆ. ಕಮ್ಮಿ ವೇಗದಲ್ಲಿ ಬಲ ಮಾತ್ರ ಸ್ವಲ್ಪ ಬಿಟ್ಟುಕೊಡಬೇಕು.

ಹಳೆಯ ಮೋಟರಿನ ಸ್ಪೀಡ್ ಕಂಟ್ರೋಲ್ ಬೋರ್ಡ್ ಸುಟ್ಟುಹೋದರೆ ಒಂದು ಉಪಾಯವಿದೆ. ಗಾರ್ಮೆಂಟ್ಸ್ ಹೊಲಿಗೆ ಮಷೀನಿನ ಸರ್ವೋ ಮೋಟರ್. ಬೊಮ್ಮನಹಳ್ಳಿ, ಪೀಣ್ಯದಂಥ ಕಡೆ ಗಾರ್ಮೆಂಟ್ಸ್ ಇರುವುದರಿಂದ ಇದನ್ನು ಮಾರುವವರೂ ರಿಪೇರಿ ಮಾಡುವವರೂ ಸಿಗುತ್ತಾರೆ. 550 ವಾಟ್‌ನದು ಸಾಕು. ಅದು ನಿಂತು ನಿಂತು ಓಡುವ ಕೆಲಸಕ್ಕೆ ಮಾಡಿದ ಮೋಟರ್, ಗಂಟೆಗಟ್ಟಲೆ ಓಡಿಸಿದರೆ ಬಿಸಿಯನ್ನು ಮುಟ್ಟಿ ನೋಡುತ್ತಿರಬೇಕು. ಆದರೆ ಕಾಲಮ್ ಸಡಿಲ ಇಟ್ಟುಕೊಂಡು ದೊಡ್ಡ ಮೋಟರ್ ಹಾಕುವುದರಲ್ಲಿ ಅರ್ಥವಿಲ್ಲ. ಇನ್ನೂ ಜೋರಾಗಿ ನಡುಗುತ್ತದೆ ಅಷ್ಟೇ.

ಎಲ್ಲಿದ್ದೇವೆ ಅಂತ ಹೇಳುವ ಪೆಟ್ಟಿಗೆ

ಡಿಜಿಟಲ್ ರೀಡೌಟ್, ಅಂದರೆ ಡಿಆರ್‌ಒ, ಮುಳ್ಳಿನ ಅಲುಗಾಟವನ್ನು ಒಂದು ಗೆರೆಯೂ ಕಮ್ಮಿ ಮಾಡುವುದಿಲ್ಲ. ಆದರೂ ನಾನು ಇದರ ಪರ. ಅಮೆರಿಕದಲ್ಲಿ ಮಾರುವ ಇಂಚಿನ ಎಕ್ಸ್2ನಲ್ಲಿ ಸ್ಕ್ರೂ ಇಂಚಿಗೆ 16 ಸುತ್ತಿನದು, ಒಂದು ಸುತ್ತಿಗೆ 0.0625 ಇಂಚು. ಅದನ್ನು ಮನಸ್ಸಿನಲ್ಲೇ ಕೂಡುತ್ತಾ ಏಳನೇ ಸುತ್ತಿಗೆ ಬರುವಷ್ಟರಲ್ಲಿ ಯಾರಾದರೂ ಕಾಫಿಗೆ ಕರೆದರೆ ಲೆಕ್ಕ ಹೋಯಿತು. ಡಿಆರ್‌ಒ ಟೇಬಲ್ಲಿನ ನಿಜವಾದ ಓಟವನ್ನು ಅಳೆಯುತ್ತದೆ, ಹಾಗಾಗಿ ಪ್ಲೇ ಲೆಕ್ಕಕ್ಕೆ ಬರುವುದಿಲ್ಲ. ಪ್ಲೇಯಿಂದ ಟೇಬಲ್ ಜಿಗಿಯುವ ಅಪಾಯ ಮಾತ್ರ ಹಾಗೇ ಇರುತ್ತದೆ.

ಅಗ್ಗದಲ್ಲಿ ಬೇಕಾದರೆ ಡಿಜಿಟಲ್ ವರ್ನಿಯರ್ ತರಹದ ಪಟ್ಟಿಗಳು, 0.01 ಎಂಎಂ ತೋರಿಸುತ್ತವೆ. ಎಣ್ಣೆ ನೀರು ಬಿದ್ದರೆ ಕೆಲವೊಮ್ಮೆ ಹುಚ್ಚು ಸಂಖ್ಯೆ ಬರುತ್ತದೆ. ಗ್ಲಾಸ್ ಸ್ಕೇಲ್ 5 ಮೈಕ್ರಾನ್‌ವರೆಗೆ ಹೇಳುತ್ತದೆ, ಜಾಗ ಜಾಸ್ತಿ ಬೇಡುತ್ತದೆ. ಸ್ಕೇಲ್ ಎಲ್ಲಿ ಕೂರಿಸುತ್ತೀರಿ ಅನ್ನುವುದು ಮುಖ್ಯ. ಅಳೆಯುವ ಪಟ್ಟಿ ಅಳೆಯುವ ವಸ್ತುವಿನ ಸಾಲಿನಲ್ಲೇ ಇರಬೇಕು ಅಂತ ಜರ್ಮನಿಯ ಅರ್ನ್‌ಸ್ಟ್ ಅಬ್ಬೆ 1890ರಲ್ಲೇ ಹೇಳಿದ್ದರು. ಗಿಬ್ ಸಡಿಲವಿದ್ದು ಟೇಬಲ್ 100 ಎಂಎಂಗೆ 0.05 ಎಂಎಂ ಓಲಾಡಿದರೆ, ಜಾಬ್‌ಗಿಂತ 100 ಎಂಎಂ ಕೆಳಗಿರುವ ಸ್ಕೇಲು ಅಷ್ಟೇ ಸುಳ್ಳು ಹೇಳುತ್ತದೆ. ಪರದೆಯ ಮೇಲೆ ಮೂರು ದಶಾಂಶ ಕಂಡ ಮಾತ್ರಕ್ಕೆ ನಂಬಬೇಡಿ.

ವೈಪರ್ ಮೋಟರಿನ ಫೀಡ್

ಇದು ಸಂತೋಷಕ್ಕೆ ಮಾಡುವ ಕೆಲಸ. ಕಾರಿನ ವೈಪರ್ ಮೋಟರ್ ಒಂದನ್ನು ಜೆ.ಸಿ. ರೋಡಿನಲ್ಲೋ ಗುಜರಿಯಲ್ಲೋ ಹುಡುಕಿ ಟೇಬಲ್ ಸ್ಕ್ರೂಗೆ ಜೋಡಿಸಿದರೆ ಪವರ್ ಫೀಡ್ ಆಗುತ್ತದೆ. ವೇಗ ಹೊಂದುತ್ತದೆಯೇ? ಲೆಕ್ಕ ಹಾಕಿ. ಹೈಸ್ಪೀಡ್ ಸ್ಟೀಲಿನ 10 ಎಂಎಂ ಕಟರ್, ಎಂಎಸ್ (ಮೈಲ್ಡ್ ಸ್ಟೀಲ್) ಜಾಬ್. ಕಟರಿನ ಅಂಚು ನಿಮಿಷಕ್ಕೆ ಸುಮಾರು 28 ಮೀಟರ್ ಓಡಿದರೆ ಹಿತ. ಸುತ್ತಳತೆ 31.4 ಎಂಎಂ, ಭಾಗಿಸಿದರೆ ಹತ್ತಿರ ಹತ್ತಿರ 900 ಆರ್‌ಪಿಎಂ. ನಾಲ್ಕು ಹಲ್ಲು, ಹಲ್ಲಿಗೆ 0.025 ಎಂಎಂ ಅಂದರೆ ಸುತ್ತಿಗೆ 0.1, ನಿಮಿಷಕ್ಕೆ 90 ಎಂಎಂ. ಸ್ಕ್ರೂ ಪಿಚ್ 2 ಎಂಎಂ ಇದ್ದರೆ ಅದು ನಿಮಿಷಕ್ಕೆ 45 ಸುತ್ತು ತಿರುಗಬೇಕು. ವೈಪರ್ ಮೋಟರಿನ ನಿಧಾನದ ವೇಗ ಹೆಚ್ಚು ಕಮ್ಮಿ ಅಷ್ಟೇ! ಮಳೆ ಒರೆಸಲು ಮಾಡಿದ ವೇಗ ಕಬ್ಬಿಣ ಕತ್ತರಿಸಲು ಹೊಂದುವುದು ನೋಡಿ ನಾನು ಒಬ್ಬನೇ ನಕ್ಕಿದ್ದೆ.

ಒಂದು ಎಚ್ಚರ. ಅನೇಕ ವೈಪರ್ ಮೋಟರ್‌ಗಳಲ್ಲಿ ಮೋಟರಿನ ಮೈಯೇ ನೆಗೆಟಿವ್ ತಂತಿ. ದಿಕ್ಕು ಬದಲಿಸಲು ತಂತಿ ಅದಲು ಬದಲು ಮಾಡಿದಾಗ ಮೈಗೆ 12 ವೋಲ್ಟ್ ಪಾಸಿಟಿವ್ ಬರುತ್ತದೆ, ಮಷೀನಿನ ಮೂಲಕ ಶಾರ್ಟ್ ಆಗಬಹುದು. ನಡುವೆ ಫೈಬರ್ ಹಾಳೆ, ಪ್ಲಾಸ್ಟಿಕ್ ವಾಷರ್ ಕೊಟ್ಟು ಬೇರ್ಪಡಿಸಿ. ಎರಡೂ ತುದಿಗೆ ಲಿಮಿಟ್ ಸ್ವಿಚ್ ಹಾಕಿ, ಇಲ್ಲದಿದ್ದರೆ ಫೋನ್ ಬಂದಾಗ ಟೇಬಲ್ ಹೋಗಿ ಗುದ್ದುತ್ತದೆ. ಸ್ಲೈಡ್ ಮೇಲೆ ಚೂರು ಬೀಳದ ಹಾಗೆ ಲಾರಿ ಟ್ಯೂಬ್ ಕತ್ತರಿಸಿ ಪರದೆ ಕಟ್ಟುವುದನ್ನೂ ಇದೇ ದಿನ ಮುಗಿಸಿ.

ಸಿಎನ್‌ಸಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್, ಗುಂಡುಗಳ ಮೇಲೆ ಓಡುವ ಬಾಲ್ ಸ್ಕ್ರೂ ಹಾಕಿ, ಆರ್ಡುಯಿನೋ ಅನ್ನುವ ಪುಟ್ಟ ಬೋರ್ಡಿನಲ್ಲಿ ಜಿಆರ್‌ಬಿಎಲ್ ಅಥವಾ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್‌ಸಿಎನ್‌ಸಿ ಓಡಿಸಬಹುದು. ಜಿಆರ್‌ಬಿಎಲ್, ಲಿನಕ್ಸ್‌ಸಿಎನ್‌ಸಿ ಎರಡೂ ಉಚಿತ ಸಾಫ್ಟ್‌ವೇರ್. ಚಾಟರ್ ಶುರುವಾದಾಗ ಹ್ಯಾಂಡಲ್ ಹಿಡಿದ ಕೈ ತಾನಾಗಿ ನಿಧಾನಿಸುತ್ತದೆ. ಸ್ಟೆಪರ್ ಮೋಟರ್‌ಗೆ ಅದು ಗೊತ್ತಾಗುವುದಿಲ್ಲ, ಕಟರ್ ಮುರಿದ ಮೇಲೂ ಗಾಳಿಯಲ್ಲಿ ಕತ್ತರಿಸುತ್ತಾ ಹೋಗುತ್ತದೆ. ಬಾಲ್ ಸ್ಕ್ರೂ ಎಷ್ಟು ಹಗುರವಾಗಿ ತಿರುಗುತ್ತದೆಂದರೆ, ಆಮೇಲೆ ಕೈಯಿಂದ ಕೆಲಸ ಮಾಡಲು ಹೋದರೆ ಕಟರೇ ಟೇಬಲ್ಲನ್ನು ತಳ್ಳಿಕೊಂಡು ಓಡಿಸುತ್ತದೆ. ಮೇಲೆ ಹೇಳಿದ್ದೆಲ್ಲ ಆದ ಮೇಲೆ ಯೋಚಿಸಿ.

ಯಾವುದೇ ಬದಲಾವಣೆಗೆ ಮಷೀನು ಬಿಚ್ಚುವ ಮೊದಲು, ಅದಕ್ಕೆ ಬೇಕಾದ ಭಾಗಗಳನ್ನೆಲ್ಲ ಅದೇ ಮಷೀನಿನಲ್ಲಿ ಮಾಡಿಟ್ಟುಕೊಳ್ಳಿ. ನಾನು ಕಾಲಮ್ ಬಿಗಿಸುವ ಉತ್ಸಾಹದಲ್ಲಿ ಮೊದಲು ಕಾಲಮ್ ಬಿಚ್ಚಿದೆ. ಪ್ಲೇಟಿಗೆ ನಾಲ್ಕು ತೂತು ಸರಿಯಾದ ಅಂತರದಲ್ಲಿ ಬೇಕು ಅಂತ ಆಮೇಲೆ ಹೊಳೆಯಿತು. ತೂತು ಹಾಕಬೇಕಾದ ಮಷೀನು ನೆಲದ ಮೇಲೆ ಐದು ತುಂಡಾಗಿ ಬಿದ್ದಿತ್ತು. ಪ್ಲೇಟ್ ಎತ್ತಿಕೊಂಡು ಪೀಣ್ಯದ ಒಂದು ಸಣ್ಣ ಶೆಡ್ಡಿಗೆ ಹೋದೆ.

“ಏನ್ ಸಾರ್, ನಿಮ್ಮನೇಲೇ ಮಿಲ್ ಇದೆ ಅಂತಿದ್ರಿ?” ಅಂದರು ಅಲ್ಲಿನ ಯಜಮಾನರು.

“ಇದೆ. ಬಿಚ್ಚಿಟ್ಟಿದೀನಿ.”

ನಗುತ್ತಲೇ ಪ್ಲೇಟನ್ನು ಹಳೆಯ ಎಚ್‌ಎಂಟಿ ಮೇಲೆ ಕಟ್ಟಿ, ಐದು ನಿಮಿಷದಲ್ಲಿ ನಾಲ್ಕೂ ತೂತು ಹಾಕಿ ಕೊಟ್ಟರು. ಅವರು ಬಿಲ್ ಬರೆಯಲು ಆ ಕಡೆ ತಿರುಗಿದಾಗ, ಸ್ಪಿಂಡಲ್ ನಿಂತಿದೆ ಅಂತ ನೋಡಿಕೊಂಡು, ಸುಮ್ನೆ ಅದರ ಹೆಡ್ಡಿಗೆ ಕೈ ಹಚ್ಚಿ ಒತ್ತಿದೆ. ಗೋಡೆ ಒತ್ತಿದ ಹಾಗಿತ್ತು.